ಮೂಗಿನ ನೇರಕ್ಕೊಂದು ವಿಮಾನ

ಸಾಯುವುದರೊಳಗೆ ಒಂದು ವಿಮಾನವನ್ನಾದರೂ ಕಟ್ಟಬೇಕು ಎಂದು ನಾನು ತೀರ್ಮಾನಿಸಿದೆ. ಹುಟ್ಟುಹಬ್ಬದ ದಿನ ಬಂದು ಮರುದಿನ ಮಂಚದಡಿ ಸೇರುವ ಆಟಿಕೆಯ ಮಾತಲ್ಲ ಇದು. ಫೋಮ್ ಬೋರ್ಡ್ ಕತ್ತರಿಸಿ, ಅಂಟಿಸಿ, ಮೋಟಾರು ಕೂರಿಸಿ, ಕೈಯಲ್ಲಿ ರಿಮೋಟ್ ಹಿಡಿದು ಆಕಾಶಕ್ಕೆ ಏರಿಸುವಂಥದ್ದು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ನನಗಿಂತ ಉದ್ದ.

"ನಿಮ್ಮ ಕೈಲಿ ಆಗುತ್ತಾ?" ಎಂದು ಹೆಂಡತಿ ಕೇಳಿದಳು.

ಕೇಳಬಾರದಿತ್ತು. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಗೋಡೆಗೆ ಗುದ್ದದೆ ಕಾರು ಓಡಿಸುವ ನಮ್ಮೂರಿನ ಅರ್ಧ ಜನ ನನ್ನ ಶಿಷ್ಯರು. ಗುದ್ದುವವರು ಇನ್ನೊಂದು ಸ್ಕೂಲಿನವರು. ಬೆಳಗಿನಿಂದ ಸಂಜೆಯವರೆಗೆ ಎಡಕ್ಕೆ, ಬಲಕ್ಕೆ, ಸ್ವಲ್ಪ ಎಡಕ್ಕೆ ಎಂದು ಹೇಳುತ್ತಲೇ ಅನ್ನ ಸಂಪಾದಿಸಿದವನಿಗೆ, ಮೇಲೆ ಟ್ರಾಫಿಕ್ಕೇ ಇಲ್ಲದ ಆಕಾಶ ಯಾವ ಲೆಕ್ಕ?

ಎಡಬಲದ ವಿಷಯದಲ್ಲಿ ನನಗೆ ಅನುಮಾನ ಇದ್ದದ್ದು ನನ್ನ ಹೆಂಡತಿಯ ಮೇಲೆ. ಅವಳು ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ಕ್ಲಾಸಿನವರಿಗೆ ಎದುರಾಗಿ ನಿಂತು "ಬಲಗೈ ಮೇಲೆ" ಎನ್ನುತ್ತಾಳೆ, ಎತ್ತುವುದು ತನ್ನ ಎಡಗೈ. ಅದೇ ಅಭ್ಯಾಸ ಕಾರಿನೊಳಕ್ಕೂ ಬಂದಿದೆ. ದಾರಿ ತೋರಿಸಲು ಕೂತರೆ ಬಾಯಿ ಬಲಕ್ಕೆ, ಕೈ ಎಡಕ್ಕೆ.

"ಯಾವುದನ್ನ ನಂಬಲಿ, ಬಾಯನ್ನೋ ಕೈಯನ್ನೋ?" ಎಂದು ನಾನು ಛೇಡಿಸುತ್ತೇನೆ.

"ಎದುರಿಗೆ ನಿಂತವರಿಗೆ ಅದು ಸರಿಯಾಗೇ ಕಾಣುತ್ತೆ. ನೀವು ಎಲ್ಲಾನೂ ನಿಮ್ಮ ಮೂಗಿನ ನೇರಕ್ಕೇ ನೋಡ್ತೀರಿ."

"ನನ್ನ ಕಸುಬೇ ಅದು ಕಣೇ. ಕಾರಿನಲ್ಲಿ ಎಲ್ಲರ ಮೂಗೂ ಒಂದೇ ಕಡೆ ಇರುತ್ತೆ."

ಈಗ ಕೋಣೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಎದುರಿಗೆ ಹಾಲ್. ಎಡಕ್ಕೆ ದೊಡ್ಡ ಕೋಣೆ, ಎರಡು ಕಿಟಕಿ, ಧಾರಾಳ ಗಾಳಿ ಬೆಳಕು. ಬಲಕ್ಕೆ ಸಾಮಾನು ಕೋಣೆ. ಅದರಲ್ಲಿ ಒಬ್ಬ ಮನುಷ್ಯ ನಿಲ್ಲಬಹುದು, ತಿರುಗಬೇಕಾದರೆ ಹೊರಗೆ ಬರಬೇಕು. ದೊಡ್ಡ ಕೋಣೆಯಲ್ಲಿ ನನ್ನಣ್ಣ ತನ್ನ ಹಳೇ ಮಂಚ, ಬೀರುಗಳನ್ನು ತುಂಬಿಟ್ಟಿದ್ದ. ಅವನು ಅದನ್ನೆಲ್ಲ ಸಾಗಿಸಿಕೊಂಡು ಹೋದದ್ದೇ ತಡ, ಖಾಲಿ ಕೋಣೆಯ ಮೇಲೆ ಇಬ್ಬರ ಕಣ್ಣೂ ಬಿತ್ತು. ನನಗೆ ವಿಮಾನದ ಕಾರ್ಖಾನೆ ಬೇಕು, ಅವಳಿಗೆ ಕ್ಲಾಸಿಗೆ ಜಾಗ ಬೇಕು.

ಅವಳ ಕಷ್ಟ ಸುಳ್ಳಲ್ಲ. ದಿನಾ ಬೆಳಿಗ್ಗೆ ಸೋಫಾ ತಳ್ಳಿ, ಟೀಪಾಯಿ ಎತ್ತಿಟ್ಟು, ಹಾಲ್‌ನಲ್ಲಿ ಕ್ಲಾಸು ನಡೆಸುತ್ತಾಳೆ. ಒಬ್ಬರು ಕೈ ಚಾಚಿದರೆ ಇನ್ನೊಬ್ಬರ ಕನ್ನಡಕ ಬೀಳುತ್ತದೆ. ಟಿವಿ ಎರಡು ಸಲ ಒದೆ ತಿಂದಿದೆ. ಜಾಗ ಸಾಲದೆ ಇಬ್ಬರು ಕ್ಲಾಸನ್ನೇ ಬಿಟ್ಟರು. ಇನ್ನಷ್ಟು ಜನ ಬಿಟ್ಟರೆ ಮುಚ್ಚಬೇಕಾಗುತ್ತದೆ ಎಂದು ಅವಳು ಹೇಳಿದ್ದೂ ಉಂಟು. ಆಗ ನಾನು ಯಾವ ಮೋಟಾರು ತರಿಸಲಿ ಎಂಬ ಚಿಂತೆಯಲ್ಲಿದ್ದೆ.

ಕೊನೆಗೆ ನಾನೇ ಪಂಥ ಕಟ್ಟಿದೆ. ಕೆಲಸ ಮುಗಿಸಿ ಬಂದು, ಹೊಸ್ತಿಲಲ್ಲಿ ನಿಂತು ಶೂ ಬಿಚ್ಚುತ್ತಿದ್ದೆ. ಅವಳು ಹಾಲ್‌ನ ಆ ಕೊನೆಯಿಂದ, ನನಗೆ ಎದುರಾಗಿ, ಬೆಳಗಿನ ಕ್ಲಾಸಿಗೆ ಸರಿಸಿದ್ದ ಸೋಫಾವನ್ನು ತಳ್ಳಿಕೊಂಡು ಬರುತ್ತಿದ್ದಳು.

"ನೋಡು, ನನ್ನ ವಿಮಾನ ಹಾರಿ, ಒಂದು ಸುತ್ತು ಹೊಡೆದು, ಮುರಿಯದೆ ಇಳಿದರೆ ಎಡಗಡೆ ಕೋಣೆ ನನಗೆ. ಇಲ್ಲದಿದ್ದರೆ ಎರಡು ಕೋಣೆಯೂ ನೀನೇ ಇಟ್ಕೋ."

ಅವಳು ತಳ್ಳುವುದನ್ನು ನಿಲ್ಲಿಸಿದಳು. "ಎಡಗಡೆ ಕೋಣೆ ತಾನೆ?"

"ಎಡಗಡೆ ಕೋಣೆ. ಮಾತು ಅಂದ್ರೆ ಮಾತು."

"ಆಯ್ತು," ಎಂದಳು.

ಪಾಪ, ಸೋಫಾ ತಳ್ಳಿ ತಳ್ಳಿ ವಾದ ಮಾಡುವ ಶಕ್ತಿಯೂ ಉಳಿದಿಲ್ಲ ಎಂದುಕೊಂಡೆ.

ತೀರ್ಪು ಬರುವವರೆಗೆ ದೊಡ್ಡ ಕೋಣೆಯಲ್ಲೇ ಕೆಲಸ ಶುರುವಾಯಿತು. ಫೋಮ್ ಬೋರ್ಡ್ ಸಾಧುವಾದ ಪದಾರ್ಥ. ಎರಡು ಕಡೆ ಕಾಗದ, ನಡುವೆ ಹಗುರ ಫೋಮು. ಒಂದು ಬದಿಯ ಕಾಗದ ಕೊಯ್ದು ಮಡಿಸಿದರೆ ಹೇಳಿದ ಹಾಗೆ ಬಾಗುತ್ತದೆ. ನಕ್ಷೆ ಇಟ್ಟು ಗೆರೆ ಎಳೆದು, ಬ್ಲೇಡಿನಲ್ಲಿ ಕೊಯ್ದು, ಬಿಸಿ ಗೋಂದು ಸುರಿದು ಎಡ ರೆಕ್ಕೆ ಕಟ್ಟಿದೆ. ಮೇಲ್ಭಾಗ ಉಬ್ಬಿ, ಹಿಂದಕ್ಕೆ ಇಳಿಜಾರಾಗಿ, ನೋಡಲು ಸೊಗಸಾಗಿತ್ತು. ಅಂಗಿಯ ತೋಳೂ ಅದಕ್ಕೇ ಅಂಟಿಕೊಂಡಿತು. ತೋಳನ್ನು ಕತ್ತರಿಸಿ ಬಿಡಿಸಿಕೊಂಡೆ. ಅದೇ ನಕ್ಷೆ, ಅದೇ ಗೆರೆ, ಅದೇ ಹುರುಪಿನಲ್ಲಿ ಎರಡನೆಯದನ್ನೂ ಮುಗಿಸಿ ಜೋಡಿಸಲು ಹೋದೆ.

ಕೂರಲಿಲ್ಲ. ಉಬ್ಬು ಮೇಲೆ ಮಾಡಿದರೆ ಮುಂದಿನ ಅಂಚು ಹಿಂದಕ್ಕೆ ಹೋಗುತ್ತದೆ. ಅಂಚು ಮುಂದೆ ತಂದರೆ ಉಬ್ಬು ಕೆಳಗಾಗುತ್ತದೆ. ನಾನು ರೆಕ್ಕೆಯನ್ನು ತಿರುಗಿಸಿದೆ, ಮಗುಚಿದೆ, ಆಮೇಲೆ ಕೋಣೆಯ ಆ ಕಡೆಗೆ ಹೋಗಿ ನಿಂತು ನೋಡಿದೆ. ಕಸ ಗುಡಿಸಲು ಬಂದ ಹೆಂಡತಿಯೂ ನೋಡಿದಳು.

"ಎರಡೂ ಎಡಗಾಲಿನ ಚಪ್ಪಲಿ ಆಯ್ತಲ್ರೀ. ಎರಡನೇದಕ್ಕೆ ನಕ್ಷೆ ಮಗುಚಿ ಹಾಕಬೇಕಿತ್ತು. ಕನ್ನಡೀಲಿ ಕಾಣೋ ಹಾಗೆ."

"ಗೊತ್ತು. ಒಂದು ಎಡ ರೆಕ್ಕೆ ಸ್ಪೇರ್ ಇರಲಿ ಅಂತ ಮಾಡಿದ್ದು."

ವಿಮಾನ ಇನ್ನೂ ಹಾರಿರಲಿಲ್ಲ, ಹಾರಿಕೆಯ ಉತ್ತರವಂತೂ ಹಾರಿತು.

ಬಲ ರೆಕ್ಕೆಗೆ ಬೋರ್ಡು ಉಳಿದಿರಲಿಲ್ಲ. ಅಂಗಡಿಗೆ ಅಂದು ರಜ. ಸುತ್ತ ನೋಡಿದರೆ ಬಾಗಿಲ ಹಿಂದೆ ಗೋಡೆಗೆ ಒರಗಿಸಿದ ದೊಡ್ಡದೊಂದು ಬೋರ್ಡು, ಬೆಳ್ಳಗೆ, ಒಂದು ಗೆರೆಯೂ ಇಲ್ಲದೆ. ನನ್ನ ಅದೃಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಂಡು ನಕ್ಷೆ ಮಗುಚಿ ಹಾಕಿದೆ, ಕೊಯ್ದೆ, ಮಡಿಸಿದೆ, ಅಂಟಿಸಿದೆ. ರೆಕ್ಕೆ ಲಕ್ಷಣವಾಗಿ ಕೂತಿತು. ಎತ್ತಿ ಹಿಡಿದು ಅಡಿ ನೋಡಿದಾಗ ಅಲ್ಲಿ ಬಣ್ಣದ ಚಿತ್ರವೊಂದಿತ್ತು. ಒಬ್ಬ ಹೆಂಗಸು ಎರಡೂ ಕೈ ಚಾಚಿ ಪಕ್ಕಕ್ಕೆ ಬಗ್ಗಿದ್ದಳು.

"ಅದು ನನ್ನ ಕ್ಲಾಸಿನ ಚಾರ್ಟು," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

"ಅದರಲ್ಲಿ ಏನೂ ಇರಲಿಲ್ಲ..."

"ಆ ಕಡೆ ಇತ್ತು. ಧೂಳು ಕೂರಬಾರ್ದು ಅಂತ ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದೆ. ಹೊಸ ಕೋಣೆಗೆ ಅಂತ ಕ್ಲಾಸಿನವರೆಲ್ಲ ಸೇರಿ ಮಾಡಿಸಿಕೊಟ್ಟಿದ್ದು."

ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕೂಗಾಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಚೂರುಗಳನ್ನು ಆರಿಸಿಕೊಂಡು ಹೋದಳು. ಒಂದು ಚೂರಿನಲ್ಲಿ ಚಿತ್ರದ ಹೆಂಗಸಿನ ಮೊಣಕಾಲಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ರೆಕ್ಕೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಹಾರಿಸುವ ಭಾನುವಾರ ಬಂತು. ವಿಮಾನ ಕಾರಿನೊಳಗೆ ಹಿಡಿಸದೆ, ಡ್ರೈವಿಂಗ್ ಸ್ಕೂಲಿನ ಕಾರಿನ ಮೇಲೆ, ಕಲಿಯುವವರ ಕೆಂಪು ಬೋರ್ಡಿನ ಹಿಂದೆ, ಹಗ್ಗದಿಂದ ಕಟ್ಟಿದೆ. ಸ್ವಲ್ಪ ವೇಗ ಹೆಚ್ಚಿಸಿದರೆ ರೆಕ್ಕೆ ಹಗ್ಗವನ್ನು ಜಗ್ಗುತ್ತಿತ್ತು.

"ಮೆಲ್ಲಗೆ ಹೋಗಿ. ನಮ್ಮನ್ನೂ ಎತ್ತಿಕೊಂಡು ಹೋದೀತು," ಎಂದಳು ಹೆಂಡತಿ.

ನಾವು ಹೋದದ್ದು ನಮ್ಮ ಸ್ಕೂಲಿನವರು ಕಾರು ಕಲಿಸುವ ಮೈದಾನಕ್ಕೆ. ಸುಣ್ಣ ಬಳಿದ ಕಲ್ಲುಗಳ ನಡುವೆ ಎಂಟರ ಆಕಾರದ ದಾರಿ. ಅಲ್ಲಿ ಅವಳ ಕ್ಲಾಸಿನವರೆಲ್ಲ ಸಾಲಾಗಿ ನಿಂತಿದ್ದರು. ಅವರ ಕೋಣೆಯ ಭವಿಷ್ಯ ಅಂದು ತೀರ್ಮಾನವಾಗಲಿತ್ತು. ಎಲ್ಲರಿಗಿಂತ ಮುಂದೆ ನಿಂತವರು ನರ್ಸಮ್ಮ, ಏನಾದರೂ ಆದರೆ ಇರಲಿ ಎಂದು ಬ್ಯಾಂಡೇಜು ತಂದಿದ್ದರು.

ವಿಮಾನ ಓಡಿತು, ಕುಪ್ಪಳಿಸಿತು, ನೆಲ ಬಿಟ್ಟಿತು. ನಾನು ಕಟ್ಟಿದ ಕಾಗದ ಮತ್ತು ಫೋಮು ನನ್ನ ತಲೆಗಿಂತ ಎತ್ತರದಲ್ಲಿ ಹೋಗುತ್ತಿತ್ತು. ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಅದೂ ಎಡಕ್ಕೆ, ಬಲಕ್ಕೆ ತಳ್ಳಿದರೆ ಅದೂ ಬಲಕ್ಕೆ. ಇಷ್ಟು ವಿಧೇಯ ಶಿಷ್ಯ ನನಗೆ ಈವರೆಗೆ ಸಿಕ್ಕಿರಲಿಲ್ಲ. ಮೈದಾನದ ಕೊನೆಯವರೆಗೆ ಕಳಿಸಿ, ಸುತ್ತು ಹೊಡೆಸಿ, ನಮ್ಮ ಕಡೆಗೆ ತಿರುಗಿಸಿದೆ.

ಅಲ್ಲಿಂದ ಅದು ಬಾಲ ಬಿಚ್ಚಿತು. ನನ್ನ ಎಡಕ್ಕೆ ಸ್ವಲ್ಪ ವಾಲಿತ್ತು. ನೇರ ಮಾಡೋಣ ಎಂದು ಕಡ್ಡಿಯನ್ನು ಬಲಕ್ಕೆ ತಳ್ಳಿದೆ. ಇನ್ನಷ್ಟು ಎಡಕ್ಕೆ ವಾಲಿತು. ಇನ್ನಷ್ಟು ಬಲಕ್ಕೆ ತಳ್ಳಿದೆ. ಒಂದು ರೆಕ್ಕೆ ಪೂರ್ತಿ ಕೆಳಗಾಗಿ, ಹೆಂಗಸರ ಸಾಲಿನತ್ತ ನುಗ್ಗತೊಡಗಿತು. ಅದರ ಮೂಗು ನನ್ನ ಕಡೆಗಿತ್ತು, ನನ್ನ ಮೂಗು ಅದರ ಕಡೆಗೆ. ಅದರ ಬಲ ನನಗೆ ಎಡವಾಗಿತ್ತು. ಇಷ್ಟು ವರ್ಷ ಎಡಬಲ ಕಲಿಸಿದವನಿಗೆ ತನ್ನ ಕೈ ಯಾವುದು ಎಂಬುದೇ ಮರೆತುಹೋಯಿತು. ನರ್ಸಮ್ಮ ಬ್ಯಾಂಡೇಜಿನ ಗಂಟು ಬಿಚ್ಚಿದರು.

"ರೀ, ಎಡಬಲ ಮರೀರಿ," ಎಂದಳು ಹೆಂಡತಿ. ಅದು ಮನೆಯ ದನಿಯಲ್ಲ, ಕ್ಲಾಸಿನ ದನಿ. "ಎದುರಿಗೆ ನಾನು ನಿಂತಿದ್ದೀನಿ ಅಂದ್ಕೊಳ್ಳಿ. ಕನ್ನಡಿ ಥರ. ಅದು ಯಾವ ಕಡೆ ಬಗ್ಗುತ್ತೋ ನೀವೂ ಅದೇ ಕಡೆ ಬಗ್ಗಿ. ಕಡ್ಡಿಯೂ ಅದೇ ಕಡೆ."

ಬಗ್ಗಿದೆ. ಕಡ್ಡಿ ಮಾತ್ರವಲ್ಲ, ಇಡೀ ಮೈ ಬಗ್ಗಿತು. ವಾಲಿದ್ದ ರೆಕ್ಕೆ ಮೆಲ್ಲಗೆ ಮೇಲೆದ್ದಿತು.

"ಸಾಕು. ನೇರ. ಈಗ ಆ ಕಡೆ ಬಗ್ಗುತ್ತಿದೆ, ನೀವೂ ಆ ಕಡೆ. ನೇರ. ಮೋಟಾರು ಕಮ್ಮಿ ಮಾಡಿ. ಉಸಿರು ಬಿಡ್ತಾ ಬಿಡ್ತಾ ಕೆಳಗೆ. ಆತುರ ಬೇಡ. ಮಂಡಿ ಮಡಿಸಬೇಡಿ."

ಮಂಡಿಯ ಮಾತು ನನಗಲ್ಲ. ಹೆಂಡತಿ ಆಮೇಲೆ ಹೇಳಿದಳು, ಅವಳ ದನಿ ಕಿವಿಗೆ ಬಿದ್ದದ್ದೇ ಇಡೀ ಕ್ಲಾಸು ಕೈ ಚಾಚಿ ನನ್ನ ಜೊತೆಗೇ ಆ ಕಡೆ ಈ ಕಡೆ ಬಗ್ಗುತ್ತಿತ್ತಂತೆ. ವಿಮಾನ ನಮ್ಮ ತಲೆಯ ಮೇಲೆ ಹಾದುಹೋಯಿತು. ಅದರ ರೆಕ್ಕೆಯ ಅಡಿಯಲ್ಲಿ ಚಿತ್ರದ ಹೆಂಗಸೂ ಕೈ ಚಾಚಿ ಬಗ್ಗಿದ್ದಳು. ಸುಣ್ಣದ ಕಲ್ಲುಗಳ ಆಚೆ ಅದು ನೆಲ ಮುಟ್ಟಿ, ಉರುಳಿ, ನಿಂತಿತು. ಒಂದು ಗೀರೂ ಇಲ್ಲ.

"ಇವತ್ತಿನ ಕ್ಲಾಸು ಚೆನ್ನಾಗಿತ್ತು," ಎಂದು ನರ್ಸಮ್ಮ ಸೊಂಟ ಹಿಡಿದುಕೊಂಡು ಹೇಳಿದರು.

ಕಾರಿನಲ್ಲಿ ವಾಪಸು ಬರುವಾಗ ನಾನು ಉದಾರಿಯಾಗಿದ್ದೆ. "ನಿನ್ನ ಸಹಾಯ ಇತ್ತು, ಇಲ್ಲ ಅನ್ನಲ್ಲ. ಆದ್ರೂ ಹಾರಿತು, ಸುತ್ತು ಹೊಡೀತು, ಮುರಿಯದೆ ಇಳೀತು. ಪಂಥ ಪಂಥವೇ."

"ಹೌದು. ನೀವೇ ಗೆದ್ರಿ," ಎಂದಳು. ಅವಳ ಮುಖ ಬಾಡಿರಲಿಲ್ಲ. ದೊಡ್ಡ ಮನಸ್ಸು ಎಂದು ಮೆಚ್ಚಿಕೊಂಡೆ.

ಮನೆಗೆ ಬಂದು ವಿಮಾನವನ್ನು ಎತ್ತಿಕೊಂಡು ದೊಡ್ಡ ಕೋಣೆಯತ್ತ ಹೊರಟೆ. ಅವಳು ನನ್ನನ್ನು ದಾಟಿ ಹಾಲ್‌ನ ಆ ಕೊನೆಗೆ ಹೋಗಿ, ತಿರುಗಿ, ಸೋಫಾದ ಹಿಂದೆ ನಿಂತಳು.

"ಎಲ್ಲಿಗೆ?"

"ನನ್ನ ಕೋಣೆಗೆ. ಎಡಗಡೆ ಕೋಣೆ ಅಂತ ಮಾತಾಗಿತ್ತಲ್ಲ."

"ಆಗಿತ್ತು. ಎಡಗಡೆ ಕೋಣೆ ತಾನೆ ಅಂತ ನಾನು ಇನ್ನೊಂದು ಸಲ ಕೇಳಿದ್ದೆ ಕೂಡ. ಇಲ್ಲೇ ನಿಂತು." ಅವಳು ತನ್ನ ಎಡಗೈ ಚಾಚಿದಳು. ಅದು ನೇರವಾಗಿ ಸಾಮಾನು ಕೋಣೆಯನ್ನು ತೋರಿಸುತ್ತಿತ್ತು.

ವಾದಿಸಲು ಬಾಯಿ ತೆರೆದೆ. ಎಡ ಎಂದರೆ ಒಂದೇ, ಅದು ನನ್ನ ಎಡ ಎಂದು ಹೇಳಬೇಕಿತ್ತು. ಆದರೆ ಅವಳ ಕನ್ನಡಿಯನ್ನು ನಂಬಿದ್ದಕ್ಕೇ ತೋಳಿನಲ್ಲಿ ವಿಮಾನ ಇಡಿಯಾಗಿತ್ತು. ಅವಳ ಎಡಕ್ಕೆ ತಿರುಗಿದೆ.

ಈಗ ವಿಮಾನ ಸಾಮಾನು ಕೋಣೆಯಲ್ಲಿದೆ, ಒಂದು ರೆಕ್ಕೆ ನೆಲಕ್ಕೂರಿ, ಇನ್ನೊಂದು ಸೂರಿಗೆ ತಾಗಿ. ಉಳಿದ ಜಾಗದಲ್ಲಿ ನಾನು. ಕ್ಲಾಸು ಬಿಟ್ಟಿದ್ದ ಇಬ್ಬರೂ ವಾಪಸು ಬಂದಿದ್ದಾರಂತೆ, ಟಿವಿ ಚೇತರಿಸಿಕೊಳ್ಳುತ್ತಿದೆ. ಬೆಳಿಗ್ಗೆ ನಾನು ಗೋಂದು ಕಾಯಿಸುವ ಹೊತ್ತಿಗೆ ಹಾಲ್ ದಾಟಿ ಅವಳ ದನಿ ಬರುತ್ತದೆ: "ಎಲ್ಲರೂ ಎಡಕ್ಕೆ ಬಗ್ಗಿ." ಯಾರ ಎಡ ಎಂದು ನಾನೀಗ ಕೇಳುವುದಿಲ್ಲ. ಬಗ್ಗುತ್ತೇನೆ.