ತೂತಿನ ದೋಣಿ, ಐದು ಗಂಟು ಒಣದ್ರಾಕ್ಷಿ

ನನಗ ಇಂಥಾವು ಯಾಕ ಆಗತಾವೋ ಗೊತ್ತಿಲ್ರಿ, ಆದ್ರ ವರ್ಷಕ್ಕ ಎರಡು ಸಲಾನರ ಆಗೇ ಆಗತಾವ. ನನ್ನ ಹೆಂಡತಿನ್ನ ಕೇಳಿದ್ರ ಕಾರಣ ಗೊತ್ತೈತಿ ಅಂತಾಳ. ಆಕಿ ಮಾತು ಬಿಡ್ರಿ.

ನಾ ತಿಕೋಟಾದಾಗ ಒಣದ್ರಾಕ್ಷಿ ಖರೀದಿ ಮಾಡಾಂವ. ಮನಿ ಇರೂದು ವಿಜಯಪುರದ ಜೋರಾಪುರ ಪೇಟ್ಯಾಗ. ನಮ್ಮ ಧಂದೆದಾಗ ಒಂದು ಪದ್ಧತಿ ಐತಿ. ಬಾಕ್ಸ್ ಬಿಚ್ಚಿದ ಕೂಡ್ಲೆ ಮ್ಯಾಲಿನ ಮಾಲು ನೋಡಬಾರದು. ಮೊಣಕೈತನಕ ಕೈ ಇಳಿಸಿ, ತಳದಾಗಿಂದು ಒಂದು ಹಿಡಿ ತಗದು, ಮೂಸಿ, ಎರಡು ಕಾಳು ಬಾಯಾಗ ಹಾಕ್ಕೊಂಡ ಮ್ಯಾಲ ಮಾತು. ಮ್ಯಾಲೆ ಬಂಗಾರದ ಬಣ್ಣದ್ದು ಹರವಿ ತಳದಾಗ ಕಡ್ಡಿ ಕಸಾ ತುಂಬಿದಾವ್ರನ್ನ ಭಾಳ ಮಂದಿನ್ನ ನೋಡೇನಿ. ಆದ್ರ ಈ ಚಟಾ ತಿಕೋಟಾದಾಗ ನಿಲ್ಲಲಿಲ್ಲ, ನನ್ನ ಬೆನ್ನು ಹತ್ತಿ ಎಲ್ಲಾ ಕಡೆ ಬಂತು.

ಬಬಲೇಶ್ವರದ ಉಪ್ಪಿಟ್ಟು

ಕನ್ಯಾ ನೋಡಾಕ ಬಬಲೇಶ್ವರಕ್ಕ ಹೋದ ದಿನದ ಮಾತು. ಉಪ್ಪಿಟ್ಟು ತಂದು ಮುಂದ ಇಟ್ರು. ಮ್ಯಾಲೆ ಗೋಡಂಬಿ, ಕೊತ್ತಂಬರಿ, ಹಸಿ ಕೊಬ್ಬರಿ, ನೋಡಾಕ ಭಾಳ ಚೆಂದಿತ್ತು. ಮ್ಯಾಲಷ್ಟು ಚೆಂದಿದ್ದದ್ದು ಕಂಡ್ರ ನನ್ನ ಕೈ ಸುಮ್ಮನ ಇರೂದಿಲ್ರಿ. ಚಮಚಾ ತಳಕ್ಕ ಹಾಕಿ ಇಡೀ ಉಪ್ಪಿಟ್ಟು ಮಗಚಿ ಹಾಕಿದ್ನಿ. ನಮ್ಮವ್ವ ಬಾಜೂಕ ಕುಂತು ನನ್ನ ತೊಡಿ ಚೂಟಿದ್ಳು.

ಆ ನಾಚಿಕ್ಯಾಗ ಹುಡುಗಿ ಬಂದು ಕುಂತಾಗ ಒಂದ ಸಲ ಮಾರಿ ನೋಡಿ ಹೂಂ ಅಂದುಬಿಟ್ನಿ. ಉಪ್ಪಿಟ್ಟಿಗೆ ಕೊಟ್ಟಷ್ಟು ಹೊತ್ತು ತನಗ ಕೊಡಲಿಲ್ಲ ಅಂತ ಆಕಿ ಇವತ್ತಿಗೂ ಆಡಕೋತಾಳ. ಮಾತು ಮುಗದು ನಾವು ಏಳೂ ಹೊತ್ತಿಗೆ ಮಾವನೋರು ನನ್ನ ಪ್ಲೇಟ್ ನೋಡಿ, ಭಾಳ ಸಮಾಧಾನದಿಂದ ಕೇಳಿದ್ರು:

"ನೀವು ಹುಡಕಾಕತ್ತಿದ್ದು ಸಿಕ್ತೇನ್ರಿ?"

ಪ್ಯಾರಲ ಹಣ್ಣಿನ ಗಾಡಿ

ಈ ಬ್ಯಾಸಗಿದಾಗ ನನ್ನ ಹೆಂಡತಿ, ಮಗಳು ಇಬ್ಬರೂ ದಿನಾ ಮುಂಜಾನೆ ಮನಿ ಬಿಟ್ಟು ಹೋಗಾಕ ಹತ್ತಿದ್ರು. ಎಲ್ಲಿಗೆ ಅಂದ್ರ, ಗೋಳಗುಮ್ಮಟದ ಕಡೆ ವಾಕಿಂಗ್. ಇರಲಿ ಅಂದ್ನಿ. ಆದ್ರ ತಿರಗಿ ಬರೂ ಹೊತ್ತಿಗೆ ಇಬ್ಬರ ತಲಿನೂ ಹಸಿ ಇರತಿತ್ತು.

ಗಂಧಕದ ಹೊಗಿ ಕೊಟ್ಟ ಮಾಲು ಮೂಸಿ ಮೂಸಿ ನನ್ನ ಮೂಗು ಪಕ್ಕಾ ಆಗೈತಿ. ಒಂದಿನ ಆಕಿ ಚಹಾ ಕೊಡಾಕ ಬಾಗಿದಾಗ ತಲಿ ಮೂಸಿದ್ನಿ. ಬ್ಲೀಚಿಂಗ್ ಪೌಡರ್ ವಾಸನಿ. ಏನಿದು ಅಂತ ಕೇಳಿದ್ರ, ಬೆವರು ಅಂದ್ಳು. ಇಪ್ಪತ್ತೆರಡು ವರ್ಷದ ಸಂಸಾರದಾಗ ಆಕಿ ಬೆವರಿಗೆ ಬ್ಲೀಚಿಂಗ್ ಪೌಡರ್ ವಾಸನಿ ಬಂದದ್ದು ನಾ ಕಾಣೆ. ಯಾವುದೋ ಬಾವ್ಯಾಗ ಮುಳುಗಿ ಏಳೂ ಹರಕಿ ಹೊತ್ತಾಳ, ಅದೂ ನನ್ನ ಸಲುವಾಗಿ ಹೊತ್ತಾಳ ಅಂತ ನನಗ ಸಂಶೇ ಬಂತು. ಆದ್ರ ನನ್ನ ಒಳ್ಳೇದಕ್ಕೋ ಕೆಟ್ಟದ್ದಕ್ಕೋ, ಅದು ತಿಳೀಲಿಲ್ಲ.

ಮರುದಿನ ಸ್ಕೂಟರ್ ಮ್ಯಾಲ ಹಿಂದ ಹೋದ್ನಿ. ಗೋಳಗುಮ್ಮಟದ ಸನೇಕ ಬರೂತನಕ ಸರಿ ಇತ್ತು. ಅಲ್ಲಿ ಒಬ್ಬ ಚಾಚಾ ಪ್ಯಾರಲ ಹಣ್ಣಿನ ಗಾಡಿ ನಿಲ್ಲಿಸಿದ್ದ. ಮ್ಯಾಲಿನ ಹಣ್ಣು ಎಷ್ಟು ಚೆಂದ ಇದ್ದು ಅಂದ್ರ, ನಾ ಸ್ಕೂಟರ್ ನಿಲ್ಲಿಸಿ ಕೈ ಹಾಕೇಬಿಟ್ನಿ. ತಳಕ್ಕ ಕೈ ಹೋಗಿ ಏನೋ ಮೆತ್ತಗ ಹತ್ತಿತು. ಕೊಳತ ಹಣ್ಣು, ಸಿಕ್ಕ ನೋಡು ಮಗನ ಅಂತ ಹೊರಗ ತಗದ್ನಿ. ಅಷ್ಟರಾಗ ತಾಯಿ ಮಗಳು ಯಾವ ಓಣಿ ಹಿಡದ್ರೋ ಏನೋ, ಕಾಣಲಿಲ್ಲ. ಚಾಚಾ ನನ್ನ ಕೈ ನೋಡಿ ಅಂದ:

"ಅದು ನನ್ನ ಬುತ್ತಿ ಐತ್ರಿ ಸಾವಕಾರ್ರ. ಬದನಿಕಾಯಿ ಪಲ್ಯ. ಹಸಿವಿದ್ರ ಉಣ್ರಿ."

ಎಲ್ಲಾಕಿಂತ ತೆಳಗಿನ ಜಾಕೆಟ್

ಮುಂದ ಹದಿನೈದು ದಿನಕ್ಕ ಬಬಲೇಶ್ವರದಿಂದ ಹೆಂಡತಿ ತಮ್ಮ ಬಂದ. ಎಲ್ಲಾರೂ ಸಮುದ್ರಕ್ಕ ಹೋಗೂಣು, ಕಯಾಕ್ ನಡಸೂಣು ಅಂದ. ಕಯಾಕ್ ಅಂದ್ರ ಸಣ್ಣ ಪ್ಲಾಸ್ಟಿಕ್ ದೋಣಿ, ಇಬ್ಬರು ಕುಂತು ಕೈಯಿಂದ ಹುಟ್ಟು ಹಾಕೂದು. ನನಗ ಈಸು ಬರೂದಿಲ್ರಿ. ನೀರಂದ್ರ ಜೀವಾ ಹಾರತೈತಿ, ಅದನ್ನ ಮುಚ್ಚಿಟ್ಟು ಮಾತಾಡೂದಿಲ್ಲ. ಬ್ಯಾಡ ಅಂದ್ನಿ. ಆವಾಗ ಹೆಂಡತಿ ಅಂದ್ಳು, ಜೀವನದಾಗ ಒಂದ ಸಲ ಸಮುದ್ರದ ಮ್ಯಾಲ ಕುಂಡ್ರಬೇಕು, ಇನ್ನೇನೂ ಕೇಳೂದಿಲ್ಲ ಅಂತ. ಇನ್ನೇನೂ ಕೇಳೂದಿಲ್ಲ ಅನ್ನೂ ಹೆಂಗಸಿನ ಮ್ಯಾಲ ಸಂಶೇ ಬರೂದಿಲ್ಲೇನ್ರಿ? ಬಂತು. ಆದ್ರೂ ಮಗಳ ಮುಂದ ಹೆದರಿದಂಗ ಕಾಣಬಾರದು ಅಂತ ಹೊಂಟ್ನಿ.

ಸಮುದ್ರದ ದಂಡಿ ಮ್ಯಾಲ ದೋಣಿ ಬಾಡಿಗಿ ಕೊಡಾಂವ ಒಬ್ಬ ಇದ್ದ, ಆ ಕರಾವಳಿ ಕಡೀ ಮನುಷ್ಯಾನ. ಅವತ್ತ ತೆರಿ ಜೋರಿದ್ದು. ನೀರಾಗ ಕಾಣೂ ಆ ಬಂಡೆಗಲ್ಲು ದಾಟಿ ಆಚೆ ಹೋಗಬ್ಯಾಡ್ರಿ, ನಾನೂ ಜೊತಿಗೆ ಬರತೇನಿ ಅಂದ. ಇಲ್ಲೀತನಕ ಎಷ್ಟು ಮಂದಿ ನೀರಿಗೆ ಬಿದ್ದಾರ ಅಂತ ಕೇಳಿದ್ನಿ. ಯಾರೂ ಇಲ್ಲ ಸರ್ ಅಂದ. ಅಲ್ಲೇ ನನಗ ತಿಳೀತು, ಇಂವ ಸುಳ್ಳ ಹೇಳತಾನ. ಇಬ್ಬರು ಬಿದ್ದಾರ ಅಂದಿದ್ರ ನಂಬತಿದ್ನಿ.

ಆಮ್ಯಾಲ ಲೈಫ್ ಜಾಕೆಟ್ ಹಂಚಾಕ ಹತ್ತಿದ. ಒಂದು ದೊಡ್ಡ ರಾಶಿ, ಮ್ಯಾಲಿನವು ಹೊಸಾ. ನಾ ಬಿಡತೀನೇನು, ರಾಶಿ ತಳಕ್ಕ ಕೈ ಹಾಕಿ ಎಲ್ಲಾಕಿಂತ ತೆಳಗಿಂದು ಜಗ್ಗಿದ್ನಿ. ಸರ್, ಅದು ಬೇಡ ಅಂದ. ಬೇಡ ಅಂದದ್ದಕ್ಕ ಗಟ್ಟಿ ಹಿಡದ್ನಿ. ಒಂದು ತೋಳು ಹೊಕ್ಕಿತು, ಇನ್ನೊಂದು ಹೋಗವಲ್ದು. ಮಗಳು ಮಾರಿ ಮುಚಗೊಂಡು ನಗಾಕತ್ತಿದ್ಳು. ಅಂವ ಮೆಲ್ಲಕ ಅಂದ:

"ಸರ್, ಸಣ್ಣ ಮಕ್ಕಳದ್ದು ನಾವು ಅಡಿಯಲ್ಲಿ ಇಡ್ತೇವೆ."

ನಾಕು ತೂತು

ಜಾಕೆಟ್ ಬದಲಿ ಮಾಡಿಕೊಂಡು ದೋಣಿ ನೋಡಾಕ ಹೋದ್ನಿ. ಉಳದಾವ್ರೆಲ್ಲ ಹುಟ್ಟು ಹಾಕೂದು ಕಲಿಯಾಕತ್ತಿದ್ರು. ನಾ ನಮ್ಮ ದೋಣಿ ತಳಾ ಕೈಲೆ ಸವರಿದ್ನಿ. ಕಾಲಿಡೂ ಜಾಗಾದಾಗ ತೂತು. ಒಂದಲ್ಲ, ನಾಕು. ಬೆರಳು ಹಾಕಿದ್ರ ತೆಳಗಿನ ಮಳಲು ಹತ್ತತೈತಿ.

ಕೇಳಿದ್ರ ಇಂವ ಏನರ ಒಂದು ಕಥಿ ಹೇಳೇ ಹೇಳತಾನ ಅಂತ ಕೇಳಲಿಲ್ಲ. ನನ್ನ ಕಿಸೆದಾಗ ಯಾವತ್ತೂ ಸ್ಯಾಂಪಲ್ ಇರತಾವ, ಸಣ್ಣ ಬಟ್ಟಿ ಗಂಟಿನ್ಯಾಗ ಕಟ್ಟಿದ ಒಣದ್ರಾಕ್ಷಿ. ಅವತ್ತ ಐದು ಗಂಟು ಇದ್ದು. ನಾಕು ತೂತಿಗೆ ನಾಕು ಗಂಟು ಬಡದು ತುರುಕಿದ್ನಿ. ನೀರು ಕುಡದಷ್ಟು ಉಬ್ಬತಾವ, ಉಬ್ಬಿದಷ್ಟು ಬಿಗಿ ಆಗತಾವ. ಮಗಳು ಕುಂಡ್ರೂ ದೋಣಿ ಆಗಲೇ ನೀರಾಗ ತೇಲಾಕತ್ತಿತ್ತು, ಅದು ಸರಿ ಐತಿ ಅಂದಕೊಂಡ್ನಿ. ಮನಿಮಂದಿ ಜೀವಾ ಉಳಿಸಿದ್ನಿ ಅಂತ ನನಗ ಭಾಳ ಸಮಾಧಾನ ಆತು.

ಒಂದು ದೋಣ್ಯಾಗ ಮಗಳು ಮತ್ತ ಆಕಿ ಮಾಮಾ. ಇನ್ನೊಂದರಾಗ ಮುಂದ ನಾ, ಹಿಂದ ಹೆಂಡತಿ. ಮೊದಲನೇ ತೆರಿ ಬಂತು, ತಲಿ ಮ್ಯಾಲಿಂದ ದೋಣ್ಯಾಗ ಸುರೀತು. ಎರಡನೇದೂ ಸುರೀತು. ಮಗಳ ದೋಣ್ಯಾಗ ಬಿದ್ದ ನೀರು ಎಲ್ಲಿಗೋ ಮಾಯ ಆಗತಿತ್ತು. ನಮ್ಮದರಾಗ ಹಂಡೇದಾಗ ನಿಂತಂಗ ನಿಂತಿತು. ದೋಣಿ ಆ ಕಡೆ ಈ ಕಡೆ ವಾಲಾಕತ್ತಿತು. ದೋಣಿ ಕೊಡಾಂವ ಹಿಂದ ಖರೇನ ಬರಾಕತ್ತಾನೋ ಇಲ್ಲೋ ಅಂತ ನಾ ಹೊಳ್ಳಿ ನೋಡಿದ್ನಿ. ಮೂರನೇ ತೆರಿಗೆ ಅಷ್ಟ ಸಾಕಾತು, ದೋಣಿ ಬೋರಲ ಬಿತ್ತು.

ಮೂಗಿನ್ಯಾಗ ಉಪ್ಪುನೀರು, ಕಣ್ಣ ಮುಂದ ಕತ್ತಲಿ. ಸತ್ನೆಪಾ ಅಂದ್ನಿ. ಅಷ್ಟರಾಗ ಯಾರೋ ಜಾಕೆಟ್ಟಿನ ಹೆಗಲು ಹಿಡದು ಮ್ಯಾಲೆ ಎತ್ತಿದ್ರು. ನೋಡಿದ್ರ ನನ್ನ ಹೆಂಡತಿ. ಒಂದು ಕೈಯಾಗ ನಾ, ಇನ್ನೊಂದು ಕೈಲೆ ನೀರು ಸೀಳಕೋತ ದಂಡಿ ಕಡೆ ಹೊಂಟಾಳ. ಕಾಲು ಬಡಿಯೂದು ನಿಲ್ಲಸ್ರಿ, ಸುಮ್ಮನ ತೇಲ್ರಿ ಅಂದ್ಳು. ಇಪ್ಪತ್ತೆರಡು ವರ್ಷದಾಗ ಆಕಿ ಹೇಳಿದ ಮಾತು ಅಷ್ಟು ಲಗೂ ಕೇಳಿದ್ದು ಅದ ಮೊದಲು.

ದಂಡಿಗೆ ಬಂದು ಉಸರು ತಗೊಂಡ ಮ್ಯಾಲ, ಈಸೂದು ಯಾವಾಗ ಕಲತಿ ಅಂತ ಕೇಳಿದ್ನಿ. ದಿನಾ ಮುಂಜಾನೆ ಸ್ವಿಮ್ಮಿಂಗ್ ಪೂಲಿನ್ಯಾಗ, ಮಗಳ ಜೊತಿ ಅಂದ್ಳು. ನನಗ ಯಾಕ ಹೇಳಲಿಲ್ಲ?

"ಹೇಳಿದ್ರ ನೀವು ಪೂಲಿನ ತಳಾ ಮುಟ್ಟಿ ನೋಡೂತನಕ ನನ್ನ ಬಿಡತಿದ್ದಿಲ್ಲ," ಅಂದ್ಳು. ಆಮ್ಯಾಲ ಸೆರಗು ಹಿಂಡಕೋತ, ನನ್ನ ಕಡೆ ನೋಡದನ, "ಊರ ಮಂದಿ ಮಾಲಿನ ತಳಾ ಎಲ್ಲಾ ನೋಡೀರಿ. ನನ್ನ ಮನಸಿನ್ಯಾಗ ಏನೈತಿ ಅಂತ ಒಂದಿನ ಕೇಳೀರೇನು?"

ನನಗ ಖರೇನ ನಾಚಿಕಿ ಆತು.

ಅಷ್ಟೊತ್ತಿಗೆ ದೋಣಿ ಎಳಕೊಂಡು ಬಂದಾಂವ ಅದನ್ನ ಮಗಚಿ, ನಾಕು ಗಂಟು ಕಿತ್ತು ನನ್ನ ಮುಂದ ಹಿಡದ. ಒಂದೊಂದು ನಿಂಬಿಹಣ್ಣಿನಷ್ಟು ಉಬ್ಬಿದ್ದು. ಒಳಗ ಬಿದ್ದ ತೆರಿ ನೀರು ಹೊರಗ ಹೋಗಲಿ ಅಂತ ಇಟ್ಟ ತೂತಂತ ಅವು. ದೋಣಿ ಮೈಯೊಳಗ ಟೊಳ್ಳು, ಗಾಳಿ ತುಂಬಿರತೈತಿ, ಅದಕ್ಕ ತೂತಿದ್ರೂ ತಾನ ತೇಲತೈತಂತ. ಕೇಳಿದ್ರ ಹೇಳ್ತಿದ್ದೆ ಸರ್ ಅಂದ.

ಹೆಂಡತಿ ಸಮುದ್ರದ ಕಡೆ ನೋಡಾಕತ್ತಿದ್ಳು. ಆಕಿ ಆಸೆ ಮೂರು ತೆರಿಗೆ ಮುಗದಿತ್ತು, ಅದೂ ನನ್ನಿಂದ. ನಾ ಎದ್ದು ಮಳಲು ಝಾಡಿಸಿ, ನಡಿ, ಮತ್ತ ಹೋಗೂಣು, ಈ ಸಲ ನಾ ಏನೂ ಮುಟ್ಟೂದಿಲ್ಲ, ನನ್ನ ನಂಬು ಅಂದ್ನಿ. ಆಕಿ ಮಾರಿ ಅರಳಿತು. ನಂಬಿದ್ಳು ಅಂತ ಕಾಣತೈತಿ.

ಆದ್ರ ದೋಣಿ ಕೊಡಾಂವ ಅಡ್ಡ ನಿಂತ. ಕ್ಷಮಿಸಿ ಸರ್ ಅಂತ ಹೇಳಿ, ನನ್ನ ಕಿಸೆದಾಗ ಕೈ ಇಳಿಸಿ, ತಳಾ ಮುಟ್ಟಿ, ಐದನೇ ಗಂಟು ಹೊರಗ ತಗದ.