ಮೂರನೇ ಡ್ರಮ್ಮಿನ ನೀರು

ನಮ್ಮ ಘಟಕದಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾದ ದಾಖಲೆ ನನ್ನ ಪುಸ್ತಕದಲ್ಲಿಲ್ಲ. ನಾನು ಆ ಕಾಲದ ಬಿ.ಎಸ್ಸಿ., ಎಲ್ಲವನ್ನೂ ಬರೆದಿಡುವವಳು. ಉದಯಗಿರಿಯಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಣ್ಣ ಜಾಗ. ಬಣ್ಣದ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಒಳಗೇ ಶುದ್ಧ ಮಾಡುವ ನಕ್ಷೆ ಒಪ್ಪಿಸಿ, ಇಲ್ಲದಿದ್ದರೆ ಬೀಗ ಎಂದು ಮಾಲಿನ್ಯ ಮಂಡಳಿಯಿಂದ ನೋಟಿಸು ಬಂತು.

೧. ಅಳತೆ

"ದಿನಕ್ಕೆ ಎಷ್ಟು ನೀರು ಹೊರಗೆ ಹೋಗುತ್ತೆ, ಒಂದು ವಾರ ಬರೆದಿಡಿ" ಎಂದರು ನಾವು ಕರೆಸಿದ್ದ ಇಂಜಿನಿಯರು. ನಾನು ನಲ್ಲಿಯ ಪಕ್ಕವೇ ಕುರ್ಚಿ ಹಾಕಿ ಕೂತೆ. ಬಕೆಟ್ಟಿಗೊಂದು ಗೀಟು. ದಿನದಿಂದ ದಿನಕ್ಕೆ ಗೀಟು ಕಡಿಮೆಯಾಗುತ್ತಾ ಬಂತು. ಪುಸ್ತಕ ನೋಡಿದ ಇಂಜಿನಿಯರು, "ಇಷ್ಟಕ್ಕೆ ಒಂದು ಹಂಡೆ ಸಾಕಲ್ಲಮ್ಮ" ಎಂದರು.

ನನಗೇನೂ ಅರ್ಥವಾಗದೆ ಬಣ್ಣದ ಮೇಸ್ತ್ರಿಯನ್ನು ಕೇಳಿದೆ.

"ನೀವು ಕೂತ್ಕೊಂಡು ಬರೀತಿದ್ರೆ ಯಾರು ನೀರು ಮುಟ್ತಾರೆ? ಕೈ ತೊಳ್ಯಕ್ಕೂ ಪಕ್ಕದ ಮೆಕ್ಯಾನಿಕ್ ಹತ್ರ ಹೋಯ್ತಿದ್ದೋ ಕಣಮ್ಮ."

೨. ಸ್ಯಾಂಪಲ್ಲು

ಕುರ್ಚಿ ಎತ್ತಿದ ಮೇಲೆ ಅಳತೆ ಸಿಕ್ಕಿತು. ಮುಂದೆ, ಕೊಳೆ ನೀರನ್ನು ಒಂದು ಬಾಟಲಿ ಪರೀಕ್ಷೆಗೆ ಕಳಿಸಬೇಕಿತ್ತು. ಮೇಸ್ತ್ರಿಗೆ ಒಪ್ಪಿಸಿದೆ. ವರದಿ ಬಂತು: ಕುಡಿಯಲು ಯೋಗ್ಯ. ಮೂರು ಸಲ ಓದಿದೆ. ಕಲಿತ ಕೆಮಿಸ್ಟ್ರಿಯ ಮೇಲೇ ಅನುಮಾನ ಬಂತು.

"ಏನಪ್ಪಾ ಕಳಿಸಿದೆ?"

"ಬಾಟ್ಲಿ ಮೇಲೆ ನಿಮ್ ಹೆಸ್ರಿತ್ತು. ಗಲೀಜು ತುಂಬಕ್ಕೆ ಮನಸ್ಸು ಬರ್ಲಿಲ್ಲ. ಫಿಲ್ಟರ್ ನೀರು ಕೊಟ್ಬುಟ್ಟೆ."

೩. ಪ್ರಯೋಗ

ಕೊನೆಗೆ ಇಂಜಿನಿಯರೇ ಹಿತ್ತಲಲ್ಲಿ ಮೂರು ಡ್ರಮ್ಮು ಜೋಡಿಸಿದರು. ಒಂದರಲ್ಲಿ ಬಣ್ಣದ ನೀರು, ಎರಡನೆಯದರಲ್ಲಿ ಅದಕ್ಕೆ ಸುಣ್ಣ, ಪಟಿಕ. ಮರಳು, ಇದ್ದಿಲಿನಲ್ಲಿ ಸೋಸಿದ್ದು ಮೂರನೆಯದಕ್ಕೆ. ಅದು ತಿಳಿಯಾಗಿ ಬಂದರೆ ಮಾತ್ರ ನಕ್ಷೆಗೆ ಸಹಿ ಎಂದರು. ನಾಲ್ಕು ದಿನ ಕಾದೆವು. ಐದನೇ ಬೆಳಿಗ್ಗೆ ಮೂರನೇ ಡ್ರಮ್ಮಿನ ತಳ ಕಂಡಿತು. ಮೇಸ್ತ್ರಿ ಕಣ್ಣೊರೆಸಿಕೊಂಡ.

ಹತ್ತಕ್ಕೆ ಇಂಜಿನಿಯರು ಬಂದು ಮುಚ್ಚಳ ತೆಗೆದರು. ನೀರು ಕೆಂಪಗಿತ್ತು.

"ಬೆಳಿಗ್ಗೆ ತಳ ಕಾಣ್ತಿತ್ತು ಸಾರ್" ಎಂದ ಮೇಸ್ತ್ರಿ. ಅವರು ಮರಳು ಕೆದಕಿದರು, ಪೈಪು ಬಿಚ್ಚಿದರು. ಯಾರಿಗೂ ತಲೆಬುಡ ತಿಳಿಯಲಿಲ್ಲ. ನಾನೇ ಹೆಮ್ಮೆಯಿಂದ, "ಎಲ್ಲಾ ಬರೆದಿದ್ದೀನಿ, ನೋಡಿ" ಎಂದು ಪುಸ್ತಕ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು:

"ಒಂಬತ್ತು ಗಂಟೆ: ನೀರು ತಿಳಿ. ಒಂಬತ್ತೂಕಾಲು: ದೃಷ್ಟಿಯಾಗದಿರಲೆಂದು ಡ್ರಮ್ಮುಗಳಿಗೆ ಆರತಿ. ಒಂಬತ್ತೂವರೆ: ಆರತಿ ನೀರನ್ನು ಜನ ತುಳಿಯುವ ಕಡೆ ಚೆಲ್ಲಬಾರದೆಂದು ಮೂರನೇ ಡ್ರಮ್ಮಿಗೆ."

ಕೆಳಗೆ ನನ್ನ ಸಹಿ.

ಅವರು ಅದೇ ನೀರನ್ನು ಮೊದಲಿನಿಂದ ಸೋಸಿಸಿದರು. ಮತ್ತೆ ತಳ ಕಂಡ ಮೇಲೆ ನಕ್ಷೆಗೆ ಸಹಿ ಬಿತ್ತು, ಬೀಗ ತಪ್ಪಿತು. ನಕ್ಷೆಯಲ್ಲಿ ಮೂರು ತೊಟ್ಟಿ, ಮೂಲೆಯಲ್ಲಿ ಇನ್ನೊಂದು ಪುಟ್ಟದು.

"ಇದ್ಯಾವುದಕ್ಕೆ ಸಾರ್?" ಎಂದೆ.

"ಆರತಿಗೆ" ಎಂದರು.