ನಡುಮನೆಯ ಇಂಗ್ಲಿಷು

ಇಂಗ್ಲಿಷ್ ಕಲಿಸುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದ ಮೇಲೆ, ವಿದ್ಯಾರಣ್ಯಪುರಂನ ನಮ್ಮ ನಡುಮನೆಯಲ್ಲಿ ದಿನಾ ಮಧ್ಯಾಹ್ನ ಮೂರು ಗಂಟೆಗೆ, ದುಡಿಯುವ ಹೆಂಗಸರಿಗೆ ದಿನಬಳಕೆಯ ಇಂಗ್ಲಿಷ್ ಹೇಳಿಕೊಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಒಬ್ಬರೂ ಬಿಟ್ಟು ಹೋಗಿಲ್ಲ, ಅದು ನನ್ನ ಪುಣ್ಯ.

ಇಬ್ಬರ ವಿಷಯ ಹೇಳುತ್ತೇನೆ. ಒಬ್ಬರು ಲಷ್ಕರ್ ಮೊಹಲ್ಲಾದಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ. ಇನ್ನೊಬ್ಬರು ಮೇಟಗಳ್ಳಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವರು, ನಮ್ಮ ಬಾಯಲ್ಲಿ ಕ್ಯಾಂಟೀನಮ್ಮ. ಕ್ಯಾಂಟೀನಮ್ಮನಿಗೆ ಇಂಗ್ಲಿಷ್ ಬೇಕಾದದ್ದು ಶೋಕಿಗಲ್ಲ. ವರ್ಷಗಟ್ಟಲೆ ಒದ್ದೆ ನೆಲದ ಮೇಲೆ ನಿಂತು ಮಂಡಿ ಸವೆದಿತ್ತು, ನಿಲ್ಲುವ ಕೆಲಸ ಬಿಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಲ್ಲೇ ಸೂಪರ್‌ವೈಸರ್ ಕೆಲಸ ಖಾಲಿ ಇತ್ತು, ಕೂತು ಮಾಡುವಂಥದ್ದು. ಆದರೆ ಹೊಸ ಮ್ಯಾನೇಜರಿಗೆ ಕನ್ನಡ ಬಾರದು, ಇಂಟರ್‌ವ್ಯೂ ಇಂಗ್ಲಿಷಿನಲ್ಲೇ. ಸಿಕ್ಕಿದರೆ ಕುರ್ಚಿ, ಇಲ್ಲದಿದ್ದರೆ ಮನೆ.

೧. ಹಾಲು

ನಡುಮನೆಯಲ್ಲಿ ಕನ್ನಡ ಆಡಕೂಡದು ಅಂತ ನಾನೊಂದು ಕಾನೂನು ಮಾಡಿದ್ದೆ. ಒಂದು ದಿನ ಕಾಫಿಗೆ ಹಾಲು ಒಲೆಯ ಮೇಲಿಟ್ಟು ಬಂದು, ಬೋರ್ಡಿನ ಮೇಲೆ ಕ್ರಿಯಾಪದ ಬರೆಯುತ್ತಿದ್ದೆ. ಕ್ಯಾಂಟೀನಮ್ಮ ಕೂತಲ್ಲೇ ಚಡಪಡಿಸತೊಡಗಿದರು. ಅಡುಗೆಮನೆಯ ಕಡೆ ನೋಡುತ್ತಾರೆ, ನನ್ನ ಕಡೆ ನೋಡುತ್ತಾರೆ. ‘ಉಕ್ಕುವುದು’ ಎನ್ನುವುದಕ್ಕೆ ಇಂಗ್ಲಿಷ್ ಸಿಗುತ್ತಿಲ್ಲ, ಕನ್ನಡದಲ್ಲಿ ಹೇಳಿದರೆ ನಾನು ರೇಗುತ್ತೇನೆ. ಕೊನೆಗೆ ಎದ್ದು ನಿಂತು, “ಮೇಡಂ, ಮಿಲ್ಕ್ ಈಸ್ ಕಮಿಂಗ್,” ಅಂದರು.

ಹಾಲಿನವನು ಬಂದಿದ್ದಾನೆ ಅಂದುಕೊಂಡೆ. ಬೋರ್ಡಿನಿಂದ ಕಣ್ಣು ತೆಗೆಯದೆ, “ಟೆಲ್ ಹಿಮ್ ಟು ವೇಟ್,” ಅಂದೆ.

ಆಕೆ ಮಂಡಿ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಅಷ್ಟರಲ್ಲಿ ಸೊಯ್ ಅಂತ ಸದ್ದು, ಸೀದ ವಾಸನೆ. ಗ್ಯಾಸ್ ಆಫ್ ಮಾಡಿ ಬಂದು, ಬಹಳ ವಿನಯದಿಂದ ವರದಿ ಒಪ್ಪಿಸಿದರು: “ಹಿ ಈಸ್ ನಾಟ್ ವೇಟಿಂಗ್, ಮೇಡಂ.”

೨. ಲೂಸು

ಮೈಸೂರಿಗೆ ಯೋಗ ಕಲಿಯಲು ಬಂದ ಫಾರಿನ್ ಹೆಂಗಸೊಬ್ಬರು ಟೈಲರಮ್ಮನ ಹತ್ತಿರ ಪೈಜಾಮ ಹೊಲಿಸಲು ಬಂದರಂತೆ. ಅಳತೆ ತೆಗೆಯುವಾಗ ಬಿಗಿ ಬೇಕೋ ಸಡಿಲ ಬೇಕೋ ಕೇಳಬೇಕು. ನಾನು ಕಲಿಸಿದ್ದ ‘ಟೈಟ್’ ನೆನಪಾಯಿತಂತೆ, ಆದರೆ ನಮ್ಮಲ್ಲಿ ಅದು ಕುಡಿದವರಿಗೆ ಅನ್ನುವ ಮಾತು ಅಂತ ಹೇಳಲು ಬಾಯಿ ಬರಲಿಲ್ಲ. ತಡಬಡಾಯಿಸಿ, “ಮೇಡಂ, ಯು ಲೂಸ್?” ಅಂದುಬಿಟ್ಟರು. ಅಂದ ಮೇಲೆ ಹೊಳೆಯಿತು, ಬಂದ ಗಿರಾಕಿಯನ್ನು ಹುಚ್ಚಿಯಾ ಅಂತ ಕೇಳಿದೆನಲ್ಲ ಅಂತ. ನಾಲಿಗೆ ಕಚ್ಚಿಕೊಂಡರು.

ಆ ತಾಯಿ ನಕ್ಕು, “ಯೆಸ್, ವೆರಿ ಲೂಸ್,” ಅಂದರಂತೆ.

ಟೈಲರಮ್ಮ ನನ್ನ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡು ಹೇಳಿದರು, “ಎಂಥ ದೊಡ್ಡ ಮನಸ್ಸು ಮೇಡಂ. ನಮ್ಮೋರಲ್ಲಿ ಯಾರಾದ್ರೂ ಹಂಗೆ ಒಪ್ಕೋತಾರಾ?”

೩. ನೆಂಟಸ್ತಿಕೆ

ಸಂಬಂಧಗಳ ಪಾಠ ಬಂತು. ಅತ್ತಿಗೆ ಸಿಸ್ಟರ್-ಇನ್-ಲಾ, ನಾದಿನಿ ಸಿಸ್ಟರ್-ಇನ್-ಲಾ, ಓರಗಿತ್ತಿಯೂ ಸಿಸ್ಟರ್-ಇನ್-ಲಾ ಅಂದೆ. ಪಾಪ, ಬಡ ಭಾಷೆ ಅಂತ ಎಲ್ಲರೂ ಮರುಗಿದರು. ಕ್ಯಾಂಟೀನಮ್ಮ ಮಾತ್ರ ಹೇಳಿದರು, “ಬಡದ್ದಲ್ಲ ಕಣ್ರೀ. ಮೂರು ಜನರನ್ನೂ ಬೈಬೋದು, ಯಾರನ್ನ ಬೈದೆ ಅಂತ ಯಾರ್ಗೂ ಗೊತ್ತಾಗಕಿಲ್ಲ.”

ಅವತ್ತು ನನಗೆ ರೇಗಲು ಆಗಲೇ ಇಲ್ಲ.

೪. ಇಂಟರ್‌ವ್ಯೂ

ಇಂಟರ್‌ವ್ಯೂಗೆ ಅಂತ ಎರಡು ಹಾಳೆ ಬರೆದುಕೊಟ್ಟಿದ್ದೆ. ಕ್ಯಾಂಟೀನಮ್ಮ ಅದನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೆಂದರಲ್ಲಿ ಉರು ಹೊಡೆದಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ. ಮೂರಾಯಿತು, ನಾಲ್ಕಾಯಿತು, ಆಕೆ ಬರಲಿಲ್ಲ. ಹೋಯಿತು, ನನ್ನ ಪಾಠದಿಂದ ಒಂದು ಕುರ್ಚಿ ಕೂಡ ಗಿಟ್ಟಲಿಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ.

ಬಂದದ್ದು ಮಾರನೆಯ ದಿನ. ಬಂದವರೇ ನಡೆದದ್ದನ್ನೆಲ್ಲ ಹೇಳಿದರು. ಮ್ಯಾನೇಜರ ಮುಖ ಕಂಡದ್ದೇ ಎರಡು ಹಾಳೆಯೂ ಮರೆತುಹೋಯಿತಂತೆ. ಆತ, ನಿಮ್ಮ ಸ್ಟ್ರೆಂತ್ ಏನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಕ್ಯಾಂಟೀನಿನಲ್ಲಿ ಸ್ಟ್ರೆಂತ್ ಅಂದರೆ ಒಂದು ಹೊತ್ತಿಗೆ ಎಷ್ಟು ಜನ ಉಣ್ಣುತ್ತಾರೆ ಅನ್ನುವ ಲೆಕ್ಕ. ಈಕೆ, “ತ್ರೀ ಹಂಡ್ರೆಡ್, ಸರ್,” ಅಂದರು. ಹಾಗಾದರೆ ವೀಕ್‌ನೆಸ್? “ಸಂಡೇ, ಸರ್. ಓನ್ಲಿ ಫಾರ್ಟಿ.”

ಮ್ಯಾನೇಜರು ತಲೆ ತಗ್ಗಿಸಿ ಏನೋ ಬರೆದುಕೊಳ್ಳತೊಡಗಿದರು. ಕೆಲಸ ಕೈ ಬಿಟ್ಟಿತು ಅಂತ ಈಕೆಗೆ ಖಾತ್ರಿಯಾಯಿತು. ಕಣ್ಣು ತುಂಬಿ ಬಂತು. ಆದರೂ ಮರ್ಯಾದೆ ಬಿಡಬಾರದಲ್ಲ, ಎದ್ದು ಕೈ ಮುಗಿದರು. ನಮ್ಮಲ್ಲಿ ಯಾರೂ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ಅಪಶಕುನ. ‘ಬರ್ತೀನಿ’ ಅಂತಲೇ ಅನ್ನುವುದು. ಅದನ್ನೇ ಇಂಗ್ಲಿಷ್ ಮಾಡಿ, “ಐ ವಿಲ್ ಕಮ್, ಸರ್,” ಅಂದರು.

ಮ್ಯಾನೇಜರು ತಲೆ ಎತ್ತಿದರು. “ವೆನ್?”

ಹೊರಟವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ ಅಂತ ಈಕೆಗೆ ಗಲಿಬಿಲಿ. ದಿನಾ ಬರುವ ಹೊತ್ತನ್ನೇ ಹೇಳಿದರು: “ಟುಮಾರೋ, ಸರ್. ಸಿಕ್ಸ್ ಓ ಕ್ಲಾಕ್.”

ಮಾರನೆಯ ಬೆಳಿಗ್ಗೆ ಆರಕ್ಕೆ ಎಂದಿನಂತೆ ತರಕಾರಿ ಹೆಚ್ಚುವ ಚಾಕು ಕೈಗೆ ತೆಗೆದುಕೊಂಡಾಗ, ಹೆಡ್ ಕುಕ್ಕು ಬಂದು ಅದನ್ನು ಕಸಿದುಕೊಂಡು ಕುರ್ಚಿ ತೋರಿಸಿದರಂತೆ. ಮ್ಯಾನೇಜರು ಹೆಡ್ ಕುಕ್ಕಿಗೆ ಹೇಳಿದ್ದರಂತೆ: ಉಣ್ಣುವವರ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರು ಇವರೊಬ್ಬರೇ. ಅದೂ ಅಲ್ಲದೆ ಕೆಲಸ ಕೊಡುತ್ತೇನೆ ಅಂತ ತಾನು ಅನ್ನುವ ಮೊದಲೇ, ಬರುತ್ತೇನೆ ಅಂತ ಟೈಮ್ ಕೂಡ ಹೇಳಿ ಹೋದರು. ಇಂಥ ಧೈರ್ಯದವರೇ ಬೇಕು.

ಇಷ್ಟು ವರ್ಷದ ಪಾಠದಲ್ಲಿ ಇಷ್ಟು ಸಂತೋಷ ನನಗೆ ಯಾವ ಫಸ್ಟ್ ಕ್ಲಾಸೂ ಕೊಟ್ಟಿರಲಿಲ್ಲ, ಆ ಋಣ ನನ್ನ ಮೇಲೇ ಇದೆ. ಆದರೂ ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? ಹೊರಡುವಾಗ ಗುಡ್‌ಬೈ ಅನ್ನಬೇಕು ಅಂತ ಹಾಳೆಯಲ್ಲಿ ಬರೆದುಕೊಟ್ಟಿರಲಿಲ್ಲವೇ ಅಂತ ರೇಗಿದೆ.

ಕ್ಯಾಂಟೀನಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, “ಬುಡಿ ಮೇಡಂ. ಗುಡ್‌ಬೈ ಅಂದಿದ್ರೆ ಹೋಗೇಬುಡ್ತಿದ್ದೆ.”